ಬೆನ್ನಿನ ಆಪರೇಷನ್ನಲ್ಲಿ ಟೂಲು ಮುರಿದ್ರೆ: ಈ ಸಿಕ್ಕು ಎಲ್ಲಿಂದ ಬಂತು?

ನಮ್ಮ ಕಾಸರಗೋಡು ಕಡೆ ಅಡಿಕೆ ಮರದಿಂದ ಬಿದ್ದವ್ರು, ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದ್ರೆ ಡಿಸ್ಕು, ಜಾರಿದವ್ರು ತುಂಬಾ ಜನ ತಲಪಾಡಿ ದಾಟಿ ಮಂಗಳೂರಿಗೇ ಹೋಗೋದು. ಆಪರೇಷನ್ ಆಗಿ ಬಂದವರ ಎಕ್ಸ್‌ರೇಲಿ ಒಂದು ಸಣ್ಣ ಬಿಳಿ ಚೂರು ಕಂಡ್ರೆ ಸಾಕು, "ಒಳಗೆ ಕತ್ತರಿ ಬಿಟ್ಟಿದಾರಂತೆ" ಅಂತ ಊರೆಲ್ಲಾ ಸುದ್ದಿ. ಮರೆತು ಬಿಟ್ಟದ್ದು ಬೇರೆ, ಕೆಲಸ ಮಾಡ್ತಾ ಮುರಿದದ್ದು ಬೇರೆ ಮಾರಾಯ್ರೆ.

1934ರಲ್ಲಿ ಅಮೆರಿಕದ ಡಾಕ್ಟ್ರುಗಳು ಮಿಕ್ಸ್ಟರ್ ಮತ್ತು ಬಾರ್, ಡಿಸ್ಕು ನರ ಒತ್ತಿ ಕಾಲುನೋವು ಬರ್ತದೆ, ಅದನ್ನು ತೆಗೀಬಹುದು ಅಂತ ಬರೆದ್ರು, ಆಮೇಲೆ ಫ್ರಾನ್ಸಿನ ಡಾಕ್ಟ್ರು ರಾಯ್-ಕ್ಯಾಮಿಲ್ ಬೆನ್ನುಮೂಳೆಗೆ ಹಾಕಿದ ಸ್ಕ್ರೂ, 1977ರ ಹೊತ್ತಿಗೆ ಡಿಸ್ಕಿನ ಆಪರೇಷನ್ನಿಗೆ ಮೈಕ್ರೋಸ್ಕೋಪು ಬಂತು, ಗಾಯ ಸಣ್ಣದಾದ ಹಾಗೆ ಟೂಲೂ ಸಪೂರ ಆಯ್ತು.

ಡಿಸ್ಕಿನ ಸಂದಿಗೆ ಇಕ್ಕಳದಂಥ ರಾಂಜರ್ ಹಾಕಿ ತಿರುಚಿದಾಗ ಅದರ ಬಾಯಿ ಮುರೀಬಹುದು, ಡಿಸ್ಕಿನ ಹೊರಪೊರೆ ಕೊಯ್ಯುವಾಗ ಬ್ಲೇಡಿನ ತುದಿ ಹೋಗಬಹುದು. ಆಗ ಮೊದಲು ಕೈ ನಿಲ್ಲಿಸೋದು. ಪೇಷಂಟನ್ನು ಅಲುಗಾಡಿಸದೆ, ಮುರಿದ ಟೂಲು ಎತ್ತಿಟ್ಟು ಎಷ್ಟು ಚೂರು ಕಮ್ಮಿ ನೋಡಿ, ಸಿ-ಆರ್ಮಲ್ಲಿ (ಆಪರೇಷನ್ ಮಧ್ಯೆಯೇ ಎಕ್ಸ್‌ರೇ ತೋರಿಸೋ ಮೆಷಿನು) ಎದುರಿಂದೊಂದು ಬದಿಯಿಂದೊಂದು ಚಿತ್ರ ತೆಗೀಬೇಕು. ಕಾಣದೆ ತಡಕಾಡಿದ್ರೆ ಚೂರು ಇನ್ನೂ ಮುಂದಕ್ಕೆ ಹೋಗ್ತದೆ, ಡಿಸ್ಕಿನ ಎದುರಿಗೇ ಹೊಟ್ಟೆಯ ದೊಡ್ಡ ರಕ್ತನಾಳ ಉಂಟಲ್ಲ, ಭಯ ಅದರದ್ದು. ಸ್ಟೀಲ್ ಬ್ಲೇಡಿನ ತುಂಡಿಗೆ ಕೆಲವೊಮ್ಮೆ ಆಯಸ್ಕಾಂತ ಉಪಕಾರಕ್ಕೆ ಬರ್ತದೆ, ಟೈಟಾನಿಯಂ ಆದ್ರೆ ಇಲ್ಲ. ನರದ ಹತ್ರ ಇದ್ರೆ, ಜಾರೋ ಚೂರಾದ್ರೆ ತೆಗೀಬೇಕು. ಮೂಳೆಯೊಳಗೆ ಗಟ್ಟಿ ಕೂತ ಸ್ಕ್ರೂ ತುಂಡನ್ನು ಅಗೆದು ಮೂಳೆ ಹಾಳು ಮಾಡೋದಕ್ಕಿಂತ ಅಲ್ಲೇ ಬಿಡೋದು ಎಷ್ಟೋ ಸಲ ಸರಿಯಾದ ತೀರ್ಮಾನ, ಅದು ತಪ್ಪು ಮುಚ್ಚಿದ್ದು ಅಂತಲ್ಲ.

1995ರಲ್ಲಿ ಸುಪ್ರೀಂ ಕೋರ್ಟು ದುಡ್ಡು ಕೊಟ್ಟು ಪಡೆಯೋ ಚಿಕಿತ್ಸೆಯನ್ನೂ ಗ್ರಾಹಕ ಕಾನೂನಿನೊಳಗೆ ತಂತು. ಕಾಗದ ಹೆಚ್ಚಾಯ್ತು, ಮಾತು ಕಮ್ಮಿಯಾಯ್ತೋ ಅಂತ ನಂಗೆ ಅನುಮಾನ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಸುರಕ್ಷತೆಯ ಚೆಕ್‌ಲಿಸ್ಟು ಬಂತು, ಪೇಷಂಟು ಆಪರೇಷನ್ ಥಿಯೇಟರ್ ಬಿಡೋ ಮೊದಲು ಸಲಕರಣೆ ಲೆಕ್ಕ ಹಾಕ್ಬೇಕು. 2015ರಲ್ಲಿ ಭಾರತದಲ್ಲೂ ವೈದ್ಯಕೀಯ ಸಾಧನಗಳ ತೊಂದರೆ ವರದಿ ಮಾಡೋ ವ್ಯವಸ್ಥೆ ಶುರುವಾಯ್ತು. ಆದ್ರೆ ಲೆಕ್ಕದಲ್ಲಿ ರಾಂಜರ್ ಒಂದು ಅಂದ್ರೆ ಒಂದೇ; ಅದು ಎಷ್ಟು ಸಲ ಆಟೋಕ್ಲೇವಲ್ಲಿ, ಅಂದ್ರೆ ರೋಗಾಣು ಕೊಲ್ಲೋ ಹಬೆಯ ಪಾತ್ರೆಲಿ, ಬೆಂದದ್ದು, ಬಾಯಿ ಎಷ್ಟು ಸವೆದದ್ದು ಆ ಲೆಕ್ಕಕ್ಕೆ ಬರೋದಿಲ್ಲ.

ಚೂರು ಬಿಟ್ರೆ ಪೇಷಂಟಿಗೆ ಅವರ ಭಾಷೆಲಿ ಹೇಳ್ಬೇಕು, ಡಿಸ್ಚಾರ್ಜ್ ಸಮರಿಲಿ ಯಾವ ಲೋಹ, ಎಲ್ಲಿ ಉಂಟು ಅಂತ ಬರೀಬೇಕು. ಇಂಗ್ಲಿಷಲ್ಲಿ ಒಂದು ಸಾಲು ಬರೆದು ಕೊಟ್ರೆ ಪೆರ್ಲದ ಅಜ್ಜಿಗೆ ಎಂತ ಗೊತ್ತಾಗ್ತದೆ? ಎಂಆರ್‌ಐ ಅಂದ್ರೆ ದೊಡ್ಡ ಆಯಸ್ಕಾಂತದ ಸ್ಕ್ಯಾನು; ನಾಲ್ಕು ವರ್ಷ ಬಿಟ್ಟು ಅದಕ್ಕೆ ಹೋದಾಗ, ಮೈಯೊಳಗೆ ಲೋಹ ಏನಾದ್ರೂ ಉಂಟಾ ಅಂತ ಅಲ್ಲಿಯವ್ರು ಕೇಳೋದು ಆ ಅಜ್ಜಿಯನ್ನೇ.