ಪೈಪಿನಲ್ಲಿ ಗ್ಯಾಸ್, ಹಡಗಿನಲ್ಲಿ ದ್ರವ: ಕಿಟಿಮ್ಯಾಟ್ ಉದಾಹರಣೆ

ಅಡುಗೆ ಸಿಲಿಂಡರ್ ಅಲ್ಲಾಡಿಸಿದರೆ ಒಳಗೆ ಗುಳುಗುಳು ಅನ್ನುತ್ತದೆ, ಅಲ್ವಾ? ಒಳಗಿರುವುದು ದ್ರವ. ಪ್ರೊಪೇನ್, ಬ್ಯುಟೇನ್‌ಗಳನ್ನು ನಮ್ಮ ಬೇಸಿಗೆಯಲ್ಲೂ ಬರೀ ಒತ್ತಡ ಹಾಕಿ ದ್ರವ ಮಾಡಬಹುದು. ನೈಸರ್ಗಿಕ ಅನಿಲದಲ್ಲಿ ಹೆಚ್ಚಿನ ಪಾಲು ಮೀಥೇನ್. ಅದು ಮೈನಸ್ 82 ಡಿಗ್ರಿಗಿಂತ ತಣ್ಣಗಾಗದ ಹೊರತು ಎಷ್ಟೇ ಒತ್ತಿದರೂ ದ್ರವವಾಗುವುದಿಲ್ಲ. ನಾವು ಜಾಸ್ತಿ ಎಡವುವುದು ಇಲ್ಲೇ. ಪೈಪ್‌ಲೈನ್ ಗ್ಯಾಸನ್ನು ಒತ್ತಿ ತಳ್ಳುತ್ತದೆ, ಟರ್ಮಿನಲ್, ಅಂದರೆ ಹಡಗಿಗೆ ತುಂಬುವ ಬಂದರಿನ ಸ್ಥಾವರ, ಅದನ್ನು ತಣ್ಣಗೆ ಮಾಡಿ ದ್ರವವಾಗಿಸುತ್ತದೆ. ಎರಡೂ ಬೇರೆ ಬೇರೆ ಕೆಲಸ.

ಕೆನಡಾದ ಕೋಸ್ಟಲ್ ಗ್ಯಾಸ್‌ಲಿಂಕ್ ಪೈಪ್‌ಲೈನ್ ನೋಡೋಣ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಡಾಸನ್ ಕ್ರೀಕ್ ಬಳಿಯಿಂದ ಬೆಟ್ಟಗಳನ್ನು ದಾಟಿ, ಸುಮಾರು 670 ಕಿ.ಮೀ. ದೂರದ ಕಿಟಿಮ್ಯಾಟ್ ಬಂದರಿಗೆ ಬರುತ್ತದೆ. ಪೈಪಿನ ಅಗಲ 48 ಇಂಚು. ಶಾಲೆಗೆ ಹೋಗುವ ಮಗು ಸ್ವಲ್ಪ ಬಗ್ಗಿದರೆ ಒಳಗೆ ನಡೆದು ಹೋಗಬಹುದು. ಗ್ಯಾಸ್ ಪೈಪಿನ ಗೋಡೆಗೆ ಉಜ್ಜಿಕೊಂಡು ಹೋಗುವಾಗ ಒತ್ತಡ ಇಳಿಯುತ್ತದೆ. ಅದಕ್ಕೇ ಕಂಪ್ರೆಸರ್ ಬೇಕು. ಈಗಿನ ಸಾಮರ್ಥ್ಯ ದಿನಕ್ಕೆ 210 ಕೋಟಿ ಘನ ಅಡಿ. ದಾರಿಯಲ್ಲಿ ಇನ್ನಷ್ಟು ಕಂಪ್ರೆಸರ್ ಇಟ್ಟರೆ ಇದೇ ಪೈಪಿನಲ್ಲಿ 500 ಕೋಟಿವರೆಗೂ ಕಳಿಸಬಹುದು.

ಪೈಪ್ ಹಾಕಿ ಮುಗಿದದ್ದು 2023ರಲ್ಲಿ. 620 ಕೋಟಿ ಕೆನಡಾ ಡಾಲರ್ ಅಂದಾಜಿನ ಕೆಲಸಕ್ಕೆ ಸುಮಾರು 1,450 ಕೋಟಿ ಖರ್ಚಾಯಿತು. ದಾರಿಯಲ್ಲಿನ 20 ಮೂಲನಿವಾಸಿ ಸಮುದಾಯಗಳ ಚುನಾಯಿತ ಮಂಡಳಿಗಳು ಒಪ್ಪಂದ ಮಾಡಿಕೊಂಡವು. ಆದರೆ ವೆಟ್‌ಸುವೆಟನ್ ಜನರ ವಂಶಪಾರಂಪರ್ಯ ಮುಖಂಡರು ಒಪ್ಪಲಿಲ್ಲ. 2020ರಲ್ಲಿ ಅವರ ಬೆಂಬಲಕ್ಕೆ ದೇಶದ ಹಲವೆಡೆ ಜನ ರೈಲು ತಡೆದರು. ಮೂಲನಿವಾಸಿಗಳ ಭೂಮಿ ಹಕ್ಕನ್ನು ಪ್ರಾಂತ್ಯದ ಸರ್ಕಾರ ಅಳಿಸಲಾಗದು ಎಂದು 1997ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದ ಡೆಲ್ಗಮುಕ್ ಮೊಕದ್ದಮೆಯಲ್ಲಿ ವೆಟ್‌ಸುವೆಟನ್ ಮುಖಂಡರೂ ಇದ್ದರು. ಇದನ್ನು ಬಿಟ್ಟು ಬರೀ ಉದ್ದ, ಅಗಲ ಓದಿದರೆ ಈ ಪೈಪ್‌ಲೈನ್ ಅರ್ಥವಾಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಇನ್ನು ಕಿಟಿಮ್ಯಾಟ್‌ನ ಎಲ್‌ಎನ್‌ಜಿ ಕೆನಡಾ ಟರ್ಮಿನಲ್. ಎಲ್‌ಎನ್‌ಜಿ ಅಂದರೆ ದ್ರವ ಮಾಡಿದ ನೈಸರ್ಗಿಕ ಅನಿಲ. ಮೊದಲು ಗ್ಯಾಸ್‌ನಲ್ಲಿರುವ ನೀರು, ಇಂಗಾಲದ ಡೈಆಕ್ಸೈಡ್ ತೆಗೆಯುತ್ತಾರೆ. ಇಲ್ಲದಿದ್ದರೆ ಅವು ಹೆಪ್ಪುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ. ಪಾದರಸವನ್ನೂ ತೆಗೆಯಬೇಕು, ಅದು ತಣ್ಣಗೆ ಮಾಡುವ ಯಂತ್ರದ ಅಲ್ಯೂಮಿನಿಯಂ ತಿನ್ನುತ್ತದೆ. ಆಮೇಲೆ ಮೈನಸ್ 162 ಡಿಗ್ರಿವರೆಗೆ ತಣ್ಣಗೆ ಮಾಡಿದರೆ ಗ್ಯಾಸ್ ದ್ರವವಾಗಿ, ಜಾಗ 600ರಲ್ಲಿ ಒಂದು ಪಾಲಾಗುತ್ತದೆ. ಹಾಗಾದರೆ ಡಾಸನ್ ಕ್ರೀಕ್‌ನಲ್ಲೇ ದ್ರವ ಮಾಡಿ ಕಳಿಸಬಾರದೇಕೆ? 670 ಕಿ.ಮೀ. ಪೈಪನ್ನು ಅಷ್ಟು ತಣ್ಣಗೆ ಇಡಲು ಬೇರೆಯದೇ ಉಕ್ಕು ಬೇಕು, ಉದ್ದಕ್ಕೂ ದಪ್ಪ ಹೊದಿಕೆ ಬೇಕು. ಹಡಗಿನ ಪಕ್ಕದಲ್ಲೇ ತಣ್ಣಗೆ ಮಾಡುವುದು ಎಷ್ಟೋ ಸುಲಭ. ಇಲ್ಲಿಂದ ಮೊದಲ ಹಡಗು ಹೊರಟದ್ದು 2025ರ ಮಧ್ಯದಲ್ಲಿ.

ಕೊಚ್ಚಿ–ಮಂಗಳೂರು ಪೈಪ್‌ಲೈನ್ ಇದಕ್ಕೆ ಉಲ್ಟಾ. ಅಲ್ಲಿ ಹಡಗಿನಲ್ಲಿ ಬಂದ ದ್ರವವನ್ನು ಬಿಸಿ ಮಾಡಿ, ಗ್ಯಾಸ್ ಆಗಿಸಿ, ಮಂಗಳೂರಿನತ್ತ ತಳ್ಳುತ್ತಾರೆ.

ಕೊನೆಗೆ ಒಂದು ಲೆಕ್ಕ ನೀವೇ ಮಾಡಿ ನೋಡಿ. 210 ಕೋಟಿ ಘನ ಅಡಿ ಅಂದರೆ ಸುಮಾರು 6 ಕೋಟಿ ಘನ ಮೀಟರ್. ಒಂದು ಘನ ಮೀಟರಿಗೆ 0.7 ಕೆ.ಜಿ. ಹಿಡಿದರೆ ದಿನಕ್ಕೆ 42,000 ಟನ್, ವರ್ಷಕ್ಕೆ ಸುಮಾರು 1.5 ಕೋಟಿ ಟನ್. ಟರ್ಮಿನಲ್ ಸಾಮರ್ಥ್ಯ 1.4 ಕೋಟಿ ಟನ್. ಉಳಿದದ್ದು ಎಲ್ಲಿ ಹೋಯಿತು? ತಣ್ಣಗೆ ಮಾಡುವ ಕಂಪ್ರೆಸರ್‌ಗಳನ್ನು ತಿರುಗಿಸುವ ಟರ್ಬೈನ್‌ಗಳಿಗೂ ಇದೇ ಗ್ಯಾಸೇ ಇಂಧನ.