ಮದ್ದುಗುಂಡು: ಮದ್ದು ಬೇರೆ, ಗುಂಡು ಬೇರೆ

ಹಳೇ ಕೋಟೆಯ ಮಣ್ಣಿನಿಂದ ಏನಾದರೂ ಮೇಲೆ ಬಂದರೆ ಸಾಕು, "ಜೀವಂತ ಮದ್ದುಗುಂಡು ಪತ್ತೆ" ಅಂತ ತಲೆಬರಹ ರೆಡಿ. ಆ ತಲೆಬರಹದ ಕೆಳಗಿನ ಫೋಟೋದಲ್ಲಿ ಇರುವುದು ಬೂದು ಬಣ್ಣದ ನಾಲ್ಕು ಸೀಸದ ಉಂಡೆ. ಅದರಲ್ಲಿ ಮದ್ದು ಎಲ್ಲಿದೆ? ಸೀಸದ ಉಂಡೆಗೆ ಜೀವ ಎಲ್ಲಿಂದ ಬರಬೇಕು? ವಾಟ್ಸಾಪಿಗೆ ಬರುವಷ್ಟರಲ್ಲಿ ಅದೇ ಉಂಡೆ "ಟಿಪ್ಪು ಕಾಲದ ಬಾಂಬ್" ಆಗಿರುತ್ತದೆ. ಇನ್ನೊಂದು ಗ್ರೂಪಿನಲ್ಲಿ "1834ರ ಯುದ್ಧದ ಬುಲೆಟ್", ಅಂದರೆ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ಹಿಡಿದಾಗಿನದ್ದು. ಕೊಡಗಿನವರೂ ಇದನ್ನು ಹಾಗೇ ಫಾರ್ವರ್ಡ್ ಮಾಡುತ್ತಾರಲ್ಲ, ಅದು ಬೇಜಾರು. ಕೇಪಿನ ಕೋವಿ ಯಾವುದು, ತೋಟೆ ಕೋವಿ ಯಾವುದು ಅಂತ ಮಕ್ಕಳಿಗೂ ಗೊತ್ತಿರುವ ನಾಡು ಇದು.

ಮದ್ದುಗುಂಡು ಅನ್ನುವುದು ಜೋಡಿ ಮಾತು. ಹಣ್ಣುಕಾಯಿ ಅಂದಾಗ ಹಣ್ಣೂ ಬೇಕು, ಕಾಯಿಯೂ ಬೇಕು ಅಲ್ವಾ? ಇಲ್ಲೂ ಅಷ್ಟೇ. ಮದ್ದು ಅಂದರೆ ಸಿಡಿಯುವ ಪುಡಿ. ಗುಂಡು ಅಂದರೆ ಆ ಸಿಡಿತಕ್ಕೆ ಹಾರಿಹೋಗುವ ವಸ್ತು. ಕೋಟೆಯ ದಾಸ್ತಾನಿನ ಲೆಕ್ಕ ಬರೆಯುವಾಗ ಎರಡನ್ನೂ ಸೇರಿಸಿ ಮದ್ದುಗುಂಡು ಅನ್ನುವುದು ಸರಿ. ಮಣ್ಣಲ್ಲಿ ಸಿಕ್ಕ ಒಂದೊಂದು ವಸ್ತುವಿಗೂ ಅದೇ ಹೆಸರು ಹಚ್ಚುವುದು ಸರಿಯಲ್ಲ. ಸಿಕ್ಕಿದ್ದು ಮದ್ದೋ, ಗುಂಡೋ, ಎರಡನ್ನೂ ಒಟ್ಟಿಗೆ ಕಟ್ಟಿದ ತೋಟೆಯೋ ಅಂತ ಮೊದಲು ಹೇಳಬೇಕು. ಅದು ಯಾವ ಕಾಲದ್ದು ಅನ್ನುವುದು ಆಮೇಲಿನ ಮಾತು.

ಮದ್ದು ಹಳೇ ಪದ. ಹಳಗನ್ನಡದಲ್ಲಿ ಮರ್ದು, ತಮಿಳಿನಲ್ಲಿ ಮರುಂದು, ತೆಲುಗಿನಲ್ಲಿ ಮಂದು. ಎಲ್ಲ ಕಡೆಯೂ ಮೂಲ ಅರ್ಥ ಔಷಧಿಯೇ. ಕೊಡಗಿನಲ್ಲಿ ಕಕ್ಕಡ ತಿಂಗಳ 18ಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಡಿಯುವ ಪುಡಿ ಬಂದಾಗ ಅದಕ್ಕೂ ಮದ್ದು ಅಂದರು. ಚೀನೀಯರು ಅದನ್ನು ಕರೆಯುವುದೂ ಬೆಂಕಿಯ ಮದ್ದು ಅಂತಲೇ. ಕೋಟೆಗಳಲ್ಲಿ ಅದನ್ನು ಇಡುವ ಜಾಗ ಮದ್ದಿನ ಮನೆ. ಅಲ್ಲಿ ಕಷಾಯ ಕಾಯಿಸುತ್ತಿದ್ದರು ಅಂತ ಒಬ್ಬ ಗೈಡ್ ಹೇಳುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ಕೇಳಿ ಸುಮ್ನೆ ಮುಂದೆ ಹೋದೆ.

ಈ ಮದ್ದಿನಲ್ಲಿ ಇರುವುದು ಮೂರೇ. ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ಹೆಸರಿಗೆ ತಕ್ಕ ಹಾಗೆ ಉಪ್ಪೇ, ನೀರಲ್ಲಿ ಕರಗಿಹೋಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಮಣ್ಣಲ್ಲಿ ಬರಿದೇ ಚೆಲ್ಲಿದ ಮದ್ದು ಒಂದು ಮಳೆಗಾಲ ಕಳೆದರೆ ಮದ್ದಾಗಿ ಉಳಿಯುವುದಿಲ್ಲ. ಉಳಿಯಬೇಕಾದರೆ ಕಬ್ಬಿಣದ ಒಳಗೆ ಮುಚ್ಚಿಕೊಂಡಿರಬೇಕು. ಶಿವಮೊಗ್ಗ ಜಿಲ್ಲೆಯ ನಗರ ಕೋಟೆಯಲ್ಲಿ ಆದದ್ದು ಅದೇ. 2018ರಲ್ಲಿ ಅಲ್ಲಿನ ಹಾಳುಬಾವಿ ಅಗೆದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ ಸಿಕ್ಕವು. ಕಬ್ಬಿಣದ ಕೊಳವೆಗಳು, ಒಂದೊಂದೂ ಸುಮಾರು 23ರಿಂದ 26 ಸೆಂ.ಮೀ. ಉದ್ದ. ಆ ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತು ಅಂತ ಆಗ ವರದಿಯಾಗಿತ್ತು. ಅಲ್ಲಿ ಮದ್ದು ಅನ್ನುವ ಮಾತಿಗೆ ನೆಲೆ ಇತ್ತು. ಒಂದು ಹಿಡಿ ಸೀಸದ ಉಂಡೆಗೆ ಅದನ್ನು ಹಚ್ಚಬೇಡಿ.

ಗುಂಡು ಸುಲಭ. ಗುಂಡಗೆ ಇರುವುದು ಗುಂಡು. ಗುಂಡುಕಲ್ಲು, ಗುಂಡುಸೂಜಿ, ಗುಂಡಪ್ಪ, ಎಲ್ಲ ಒಂದೇ ಮನೆಯವರು. ಸಂಜೆ ಹಾಕುವ ಗುಂಡು ಬೇರೆ ವಿಷಯ, ಅದನ್ನು ಇಲ್ಲಿ ತರುವುದು ಬೇಡ. ಚಿಕ್ಕ ಗುಂಡುಗಳು ಒಂದೇ ಈಡಿನಲ್ಲಿ ಹತ್ತಾರು ಹೋದರೆ ಅದು ಚರೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಗುಂಡು ಗುಂಡಗೆ ಇರುವುದನ್ನೇ ಬಿಟ್ಟಿತು. ಮೂತಿ ಚೂಪಾಯಿತು, ಮೈ ಉದ್ದವಾಯಿತು, ಬುಡದಲ್ಲಿ ಟೊಳ್ಳು ಬಂತು. ಹೆಸರು ಮಾತ್ರ ಹಾಗೇ ಉಳಿಯಿತು. ಕಾಲ ಗುರುತಿಸುವವರು ಮೊದಲು ನೋಡುವುದು ಈ ಬದಲಾವಣೆಯನ್ನೇ.

ಇನ್ನು ತೋಟೆ. ಎಲ್ಲ ಗೊಂದಲವೂ ಇಲ್ಲೇ.

ನಮ್ಮಲ್ಲಿ ತೋಟೆ ಅಂತಲೂ ತೋಟಾ ಅಂತಲೂ ಹೇಳುತ್ತಾರೆ. ತಮಿಳರದ್ದು ತೋಟ್ಟಾ, ತೆಲುಗರದ್ದು ತೂಟಾ. ಪೇಪರಿನವರಿಗೆ ಕಾಡತೂಸು ಇಷ್ಟ. ಈ ಕಾಡತೂಸು ಕಾಡಿನದ್ದಲ್ಲ. ಪೋರ್ಚುಗೀಸರ ಕಾರ್ತೂಶು ಮರಾಠಿಗೆ ಬಂದು ಕಾಡತೂಸ ಆಯಿತು, ಅಲ್ಲಿಂದ ನಮ್ಮಲ್ಲಿಗೆ ಬಂತು. ಹಿಂದಿಯ ಕಾರ್ತೂಸ್ ಅದರ ಅಣ್ಣನೋ ತಮ್ಮನೋ. ಇಂಗ್ಲಿಷಿನ ಕಾರ್ಟ್ರಿಜ್ ಫ್ರೆಂಚ್ ಮೂಲಕ ಬಂದದ್ದು. ಹಿಂದಕ್ಕೆ ಹೋದರೆ ಇವೆಲ್ಲ ಇಟಲಿಯ ಕಾರ್ತೋಚೋ ಅನ್ನುವ ಮಾತಿಗೆ ಮುಟ್ಟುತ್ತವೆ. ಅದರ ಅರ್ಥ ಕಾಗದದ ಸುರುಳಿ. ಅದಕ್ಕೂ ಹಿಂದಿನದು ಕಾಗದ ಅನ್ನುವ ಅರ್ಥದ ಲ್ಯಾಟಿನ್ ಕಾರ್ತಾ. ಆಧಾರ್ ಕಾರ್ಡಿನ ಕಾರ್ಡು, ಗೋಡೆಯ ಮೇಲಿನ ಚಾರ್ಟು, ಪೇಪರಿನ ಕಾರ್ಟೂನು, ಅಂಗಡಿಯ ಕಾರ್ಟನ್ನು, ಎಲ್ಲ ಅದೇ ಕಾಗದದ ಮಕ್ಕಳು.

ಹಾಗಾಗಿ ತೋಟೆ ಅಂದರೆ ಮೂಲದಲ್ಲಿ ಲೋಹವಲ್ಲ, ಕಾಗದ. ಅಳೆದ ಮದ್ದು, ಒಂದು ಗುಂಡು, ಎರಡನ್ನೂ ಸೇರಿಸಿ ಕಾಗದದಲ್ಲಿ ಸುತ್ತಿದ ಕಡಲೆಕಾಯಿ ಪೊಟ್ಟಣದಂಥದ್ದು. ಸಿಪಾಯಿ ಪೊಟ್ಟಣದ ತುದಿ ಹಲ್ಲಲ್ಲಿ ಕಚ್ಚಿ ಹರಿಯಬೇಕು. ಮದ್ದನ್ನು ನಳಿಗೆಯ ಬಾಯಿಗೆ ಸುರಿಯಬೇಕು. ಆಮೇಲೆ ಗುಂಡನ್ನು ಕಾಗದದ ಸಮೇತ ಸಲಾಕೆಯಿಂದ ಒಳಗೆ ಜಡಿಯಬೇಕು.

ಈಗ 1857ಕ್ಕೆ ಬನ್ನಿ. "ಹಂದಿ ಮತ್ತು ದನದ ಕೊಬ್ಬು ಸವರಿದ ಗುಂಡುಗಳನ್ನು ಹಲ್ಲಿನಿಂದ ಕಚ್ಚಬೇಕಿತ್ತು" ಅಂತ ಎಷ್ಟು ಕಡೆ ಓದಿಲ್ಲ ನಾವು! ಸೀಸದ ಗುಂಡನ್ನು ಯಾಕೆ ಕಚ್ಚಬೇಕು? ಕಚ್ಚಿ ಏನು ಮಾಡಬೇಕು? ಮೇಷ್ಟ್ರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಕಚ್ಚಬೇಕಿದ್ದದ್ದು ಕಾಗದವನ್ನು. ಎನ್‌ಫೀಲ್ಡ್ ಕೋವಿಯ ನಳಿಗೆಯ ಒಳಗೆ ತಿರುಪು ಗೆರೆಗಳಿದ್ದವು. ಗುಂಡು ಅದರಲ್ಲಿ ಸಲೀಸಾಗಿ ಇಳಿಯಲಿ ಅಂತ, ಗುಂಡು ಇರುವ ತುದಿಯ ಕಾಗದಕ್ಕೆ ಜಿಡ್ಡು ಹಚ್ಚುತ್ತಿದ್ದರು. ಬಾಯಿಗೆ ಹೋಗುವುದು ಆ ಪೊಟ್ಟಣ. ಸಿಪಾಯಿಗಳ ಅನುಮಾನ ಹುಟ್ಟಿದ್ದು ಆ ಜಿಡ್ಡು ಯಾವ ಪ್ರಾಣಿಯದ್ದು ಅನ್ನುವುದರ ಮೇಲೆ. ಗುಂಡು ಅಂತ ಬರೆದ ತಕ್ಷಣ ಇಡೀ ಜಗಳಕ್ಕೇ ಅರ್ಥ ಇಲ್ಲದಂತಾಗುತ್ತದೆ. ತೋಟೆ ಅಂತ ಬರೆದರೆ ಎಲ್ಲ ಸರಿಹೋಗುತ್ತದೆ. ಎರಡೇ ಅಕ್ಷರ, ಕಷ್ಟ ಏನಿದೆ?

ಕಾಗದದ ತೋಟೆ ಮಣ್ಣಲ್ಲಿ ಉಳಿಯುವುದಿಲ್ಲ. ಕಾಗದ ಕೊಳೆಯುತ್ತದೆ, ಮದ್ದು ಕರಗುತ್ತದೆ, ಗುಂಡು ಒಂದೇ ಉಳಿಯುತ್ತದೆ. ಅದೂ ಹೊಸದರ ಹಾಗಲ್ಲ. ನಮ್ಮದು ಹುಳಿ ಮಣ್ಣು, ಕಾಫಿ ತೋಟಕ್ಕೆ ಸುಣ್ಣ ಹಾಕುವವರಿಗೆ ಗೊತ್ತು. ಅಂಥ ಮಣ್ಣಲ್ಲಿ ಸೀಸದ ಮೈ ತಿಂದುಹೋಗಿ ಬಿಳಿಚಿದ ಪೊರೆ ಕಟ್ಟುತ್ತದೆ. ಕಬ್ಬಿಣವಾದರೆ ತುಕ್ಕು ಹಿಡಿದು ಪದರ ಪದರ ಏಳುತ್ತದೆ. ಸೀಸ ತುಕ್ಕು ಹಿಡಿಯುವುದಿಲ್ಲ. ಕೆಂಪು ತುಕ್ಕಿನ ಉಂಡೆಯ ಫೋಟೋಗೆ "ಸೀಸದ ಗುಂಡು" ಅಂತ ಬರೆದವರನ್ನೂ ನೋಡಿಯಾಗಿದೆ.

ಕಾಲ ಹೇಳಬೇಕಾದರೆ ತಕ್ಕಡಿ ಬೇಕು, ಅಳತೆ ಕಡ್ಡಿ ಬೇಕು. ಮಡಿಕೇರಿ ಕೋಟೆಯನ್ನೇ ತೆಗೆದುಕೊಳ್ಳಿ. ಮಣ್ಣಿನ ಕೋಟೆ ಕಟ್ಟಿಸಿದ್ದು ಕೊಡಗಿನ ರಾಜ ಮುದ್ದುರಾಜ, ಕಲ್ಲಿನದ್ದು ಮಾಡಿಸಿದ್ದು ಟಿಪ್ಪು. 1790ರಲ್ಲಿ ಅದು ಕೊಡಗಿನ ದೊರೆ ದೊಡ್ಡ ವೀರರಾಜೇಂದ್ರನ ಕೈಗೆ ಬಂತು, 1834ರಲ್ಲಿ ಕಂಪನಿಯ ಕೈಗೆ ಹೋಯಿತು. ಮೂರು ಸೈನ್ಯಗಳ ಸೀಸ ಒಂದೇ ಅಂಗಳದಲ್ಲಿ ಬೆರೆತಿರಬಹುದು.

1834ರ ಏಪ್ರಿಲ್‌ನಲ್ಲಿ ಕಂಪನಿಯ ಪಡೆಗಳು ನಾಲ್ಕು ಕಡೆಯಿಂದ ಕೊಡಗಿಗೆ ನುಗ್ಗಿದವು. ಅವರ ಕೈಯಲ್ಲಿದ್ದದ್ದು ಬ್ರೌನ್ ಬೆಸ್ ಅಂತ ಕರೆಯುವ ಚಕಮಕಿ ಕಲ್ಲಿನ ಕೋವಿ. ಅದರ ನಳಿಗೆಯ ಬಾಯಿ 0.75 ಇಂಚು. ಗುಂಡು ಸುಮಾರು 0.69 ಇಂಚು, ಅಂದರೆ 17.5 ಮಿ.ಮೀ., ತೂಕ 32 ಗ್ರಾಂ ಆಸುಪಾಸು. ಬಡಿದು ಚಪ್ಪಟೆಯಾದ ಗುಂಡಿನಲ್ಲೂ ತೂಕ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಅದರಿಂದ ಮೊದಲಿನ ಅಗಲ ಲೆಕ್ಕ ಹಾಕಬಹುದು. ಫ್ರೆಂಚ್ ಮಾದರಿಯ ಕೋವಿಯ ಗುಂಡು ಇದಕ್ಕಿಂತ ಚಿಕ್ಕದು, 16.5 ಮಿ.ಮೀ. ಹತ್ತಿರ. ಮೈಸೂರಿನವರ ಬಳಿ ಫ್ರೆಂಚ್ ಕೋವಿಗಳೂ ಇದ್ದವು. ಹಾಗಾದರೆ 16 ಮಿ.ಮೀ. ಗುಂಡು ಸಿಕ್ಕರೆ ಅದು ಟಿಪ್ಪುವಿನದ್ದೇ ಅನ್ನಬಹುದಾ? ತಡೆಯಿರಿ. 1857ರ ನಂತರ ಬ್ರಿಟಿಷರು ದೇಶೀ ಸಿಪಾಯಿಗಳಿಗೆ ತಿರುಪು ಗೆರೆ ಇಲ್ಲದ, 0.656 ಇಂಚು ಬಾಯಿಯ ಕೋವಿ ಕೊಟ್ಟರು. ಒಳ್ಳೇ ಕೋವಿ ಇವರ ಕೈಗೆ ಕೊಡುವುದು ಬೇಡ ಅನ್ನುವ ಹೆದರಿಕೆ. ಅದರ ಗುಂಡೂ ಗುಂಡಗೇ, 16 ಮಿ.ಮೀ. ಆಸುಪಾಸೇ. ಮದ್ರಾಸ್ ಪಡೆಯ ಸಿಪಾಯಿಗಳು ಮಡಿಕೇರಿಯಲ್ಲೇ ಬೀಡುಬಿಟ್ಟಿದ್ದರು. ಹಾಗಾಗಿ ಗುಂಡಗಿದೆ ಅನ್ನುವ ಒಂದೇ ಕಾರಣಕ್ಕೆ ಹಳೇದು ಅನ್ನುವಂತಿಲ್ಲ. ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಅನ್ನುವುದೂ ಬೇಕು. ಪಕ್ಕದಲ್ಲಿ ಚೌಕವಾಗಿ ಒಡೆದ ಸಣ್ಣ ಕಪ್ಪು ಕಲ್ಲು ಇದ್ದರೆ ಅದು ಇಂಗ್ಲೆಂಡಿನ ಚಕಮಕಿ ಕಲ್ಲು ಇರಬಹುದು. ಜೇನಿನ ಬಣ್ಣದ್ದಾದರೆ ಫ್ರಾನ್ಸಿನದ್ದು. ಹಸಿರುಗಟ್ಟಿದ ಪುಟಾಣಿ ತಾಮ್ರದ ಟೊಪ್ಪಿ ಸಿಕ್ಕರೆ ಅದು ಕೇಪು, ಚಕಮಕಿ ಕಲ್ಲಿನ ಬದಲು ಮದ್ದಿಗೆ ಕಿಡಿ ಕೊಡುವಂಥದ್ದು. ಬ್ರಿಟಿಷ್ ಸೈನ್ಯಕ್ಕೆ ಕೇಪು ಬಂದದ್ದೇ 1840ರ ಹೊತ್ತಿಗೆ.

ಚೂಪು ಮೂತಿ, ಟೊಳ್ಳು ಬುಡದ ಗುಂಡನ್ನು ಹಿಡಿದು 1834ರ ಯುದ್ಧದ್ದು ಅನ್ನುವವರ ಜೊತೆ ವಾದ ಮಾಡುವುದೇ ದಂಡ. ಎನ್‌ಫೀಲ್ಡ್ ಮಾದರಿ ಬಂದದ್ದು 1853ರಲ್ಲಿ. ಹುಟ್ಟದೇ ಇದ್ದ ಕೋವಿಯಿಂದ ಗುಂಡು ಹಾರುವುದು ಹೇಗೆ? ಕಾಗದದ ಜಾಗಕ್ಕೆ ಹಿತ್ತಾಳೆ ಬಂದದ್ದು ಇನ್ನೂ ಆಮೇಲೆ, 1860ರ ದಶಕದ ಸ್ನೈಡರ್ ಕೋವಿಯ ಜೊತೆ. ಅದು ಕೂಡ ಈಗಿನ ಹಾಗೆ ಗಟ್ಟಿ ಹಿತ್ತಾಳೆಯಲ್ಲ, ತೆಳು ಹಾಳೆಯ ಸುರುಳಿ, ಬುಡಕ್ಕೊಂದು ಕಬ್ಬಿಣದ ಬಿಲ್ಲೆ. ಮಣ್ಣಲ್ಲಿ ಅದು ಮುದುಡಿದ ತಗಡಿನ ಚೂರಾಗಿ ಸಿಗುತ್ತದೆ, ಕಸ ಅಂತ ಎಸೆಯುತ್ತಾರೆ. ಖಾಲಿ ತೋಟೆ ಸಿಕ್ಕಾಗ "ಗುಂಡು ಸಿಕ್ಕಿತು" ಅನ್ನುವುದಂತೂ ಪೂರ್ತಿ ತಲೆಕೆಳಗು. ಗುಂಡು ಹೋದದ್ದಕ್ಕೇ ಅದು ಖಾಲಿ.

ಫಿರಂಗಿ ಗುಂಡಿನ ಬಗ್ಗೆ ಎರಡು ಮಾತು ಸಾಕು. ಫಿರಂಗಿ ಅಂದರೆ ಮೊದಲು ಯುರೋಪಿನವನು, ಆಮೇಲೆ ಅವನು ತಂದ ತೋಪು. ಪರಂಗಿ ಹಣ್ಣಿನಲ್ಲಿರುವವನೂ ಅವನೇ. ಅದರ ಗುಂಡನ್ನು ತೂಕದ ಮೇಲೆ ಹೆಸರಿಸುತ್ತಿದ್ದರು. ಆರು ಪೌಂಡಿನದ್ದಾದರೆ ಸುಮಾರು 2.7 ಕೆ.ಜಿ., ಅಡ್ಡಳತೆ ಸುಮಾರು 9 ಸೆಂ.ಮೀ. ಆ ಗಾತ್ರದ ಉಂಡೆ ಅಷ್ಟು ತೂಗಿದರೆ ಅದು ಗಟ್ಟಿ ಎರಕ, ಅದರೊಳಗೆ ಸಿಡಿಯಲು ಏನೂ ಇಲ್ಲ. ಅದಕ್ಕೆ ಬಾಂಬ್ ಅನ್ನುವುದು ತಪ್ಪು. ಒಳಗೆ ಟೊಳ್ಳಿದ್ದು, ಬತ್ತಿ ಕೂರಿಸುವ ತೂತು ಇದ್ದರೆ ಮಾತ್ರ ಕಥೆ ಬೇರೆ. ಅದರೊಳಗೆ ಮದ್ದು ಇನ್ನೂ ಒಣಗಿಯೇ ಇರಬಹುದು. ಎತ್ತಿ ತೂಗಲೂ ಹೋಗಬೇಡಿ. ತೊಳೆಯುವುದು, ಕೆರೆಯುವುದು, ಸುತ್ತಿಗೆಯಿಂದ ತಟ್ಟುವುದು ಯಾವುದೂ ಬೇಡ. ತುಕ್ಕು ಜಾಸ್ತಿ ಇದ್ದು ತೂತು ಇದೆಯೋ ಇಲ್ಲವೋ ಗೊತ್ತಾಗದಿದ್ದರೂ ಮುಟ್ಟದೆ ಪೊಲೀಸರಿಗೆ ಹೇಳಿ.

ಕೊಡಗಿಗೆ ಮಾತ್ರ ಇರುವ ಇನ್ನೊಂದು ತೊಡಕಿದೆ. ಬೇರೆ ಜಿಲ್ಲೆಯಲ್ಲಿ ಸೀಸದ ಗುಂಡು ಸಿಕ್ಕರೆ ಸೈನ್ಯದ್ದು ಅಂತ ಊಹಿಸುವುದಕ್ಕೆ ಸ್ವಲ್ಪವಾದರೂ ಕಾರಣ ಇರುತ್ತದೆ. ಇಲ್ಲಿ ಅದೂ ಇಲ್ಲ. 1857ರ ನಂತರ ಜನರ ಕೈಯಿಂದ ಕೋವಿ ಕಿತ್ತುಕೊಳ್ಳುವ ಕಾಯ್ದೆ ಬಂದಾಗ, 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ಬೇರೆ ಬೇರೆ ರೂಪದಲ್ಲಿ ಇವತ್ತಿಗೂ ಇದೆ. ಬೇಟೆ ಇತ್ತು. ಆಯುಧ ಪೂಜೆ ಮಾಡುವ ಕೈಲ್ ಮುಹೂರ್ತ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಈಗಲೂ ಇದೆ. ಸೀಸ ಕರಗಿಸಿ ಅಚ್ಚಿಗೆ ಹೊಯ್ದರೆ ಗುಂಡು ತಯಾರು, ಅದಕ್ಕೆ ಕಂಪನಿಯ ಕಾರ್ಖಾನೆ ಬೇಕಿರಲಿಲ್ಲ. ಮನೆಯಲ್ಲಿ ಹೊಯ್ದ ಗುಂಡು ಆ ಮನೆಯ ಕೋವಿಯ ಅಳತೆಗೆ ಇರುತ್ತದೆ, ಸೈನ್ಯದ ಅಳತೆಗೆ ಕೂರಬೇಕೆಂದಿಲ್ಲ. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಹಿಂದಿನ ಬರೆಯಲ್ಲಿ ಸಿಕ್ಕ ಗುಂಡಿಗೆ ಯುದ್ಧದ ಕಥೆ ಕಟ್ಟುವ ಮೊದಲು, ಕಾಯಿ ಕಟ್ಟುತ್ತಿದ್ದ ಮರ ಯಾವ ಕಡೆ ಇತ್ತು ಅಂತ ಮನೆಯ ಹಿರಿಯರನ್ನು ಕೇಳಿ. ತೋಟದಲ್ಲಿ ಸಿಕ್ಕ ಹಿತ್ತಾಳೆ ತೋಟೆಯ ಬುಡವನ್ನೂ ತಿರುಗಿಸಿ ನೋಡಿ. ಅಲ್ಲಿ ಇಂಗ್ಲಿಷಿನಲ್ಲಿ ಕೆ.ಎಫ್. ಅಂತ ಒತ್ತಿದ್ದರೆ ಅದು ಪುಣೆ ಹತ್ತಿರದ ಕಿರ್ಕಿ ಕಾರ್ಖಾನೆಯ ಗುರುತು. ಆ ಕಾರ್ಖಾನೆ ಶುರುವಾದದ್ದು 1869ರಲ್ಲಿ. ಕೊಡಗಿನ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಗದ್ದುಗೆ ಬಿಟ್ಟು ಆಗಲೇ 35 ವರ್ಷ ಆಗಿತ್ತು.