ಕಾರ್ಪೆಟ್ ಕಿತ್ತ ನೆಲಕ್ಕೆ ಮೊದಲು ಪ್ಲಾಸ್ಟಿಕ್, ಆಮೇಲೆ ಟೈಲ್ಸ್

ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು, ಮೂಡಿಗೆರೆ, ಮಲ್ಲಂದೂರು ಕಡೆಯಿಂದ ಒಂದೇ ಬಗೆಯ ಫೋನು: ‘ಸಾರ್, ಕೆಳಗಿನ ರೂಮಿನ ಕಾರ್ಪೆಟ್ ಮುಗ್ಗು ವಾಸನೆ ಹೊಡೀತಿತ್ತು, ಕಿತ್ತು ಹಾಕಿದ್ವಿ. ನಾಳೆ ಮೇಸ್ತ್ರಿ ಬರ್ತಾರೆ. ಯಾವ ಟೈಲ್ಸ್ ಹಾಕಿಸೋಣ?’ ಯಾವುದನ್ನಾದರೂ ಹಾಕಿಸಿ. ಕಾರ್ಪೆಟ್ಟಿಗೆ ಮುಗ್ಗು ಹಿಡಿಸಿದ ನೀರು ಎಲ್ಲಿಂದ ಬಂತು ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಈ ರೂಮುಗಳು ಹೆಚ್ಚಾಗಿ ಧರೆ (ಗುಡ್ಡದ ಮಣ್ಣಿನ ದಿಬ್ಬ) ಕಡಿದು ಕಟ್ಟಿದ ಮನೆಯ ಕೆಳ ಅಂತಸ್ತಿನವು. ಮುಂದೆ ಕಿಟಕಿ, ಕಾಫಿ ತೋಟದ ನೋಟ. ಹಿಂದಿನ ಗೋಡೆಗೆ ಮಣ್ಣು ಒರಗಿಕೊಂಡಿರುತ್ತದೆ. ಜೂನ್‌ನಿಂದ ಆ ಮಣ್ಣು ಕುಡಿದ ನೀರು ಗೋಡೆಯ ಬುಡದಿಂದಲೂ ನೆಲದಡಿಯ ಬೆಡ್ ಕಾಂಕ್ರೀಟಿನ ಅಡಿಯಿಂದಲೂ ಮೇಲೇರುತ್ತದೆ. ‘ಕೈ ಇಟ್ಟು ನೋಡ್ದೆ ಸಾರ್, ಒಣಗಿದೆ’ ಅನ್ನುತ್ತಾರೆ. ಕೈಗೆ ಒಣಗಿದಂತೆ ಕಾಣುವುದು ನಿಜವೇ. ಕಾರ್ಪೆಟ್ ತೆಗೆದ ಮೇಲೆ ನೆಲಕ್ಕೆ ಗಾಳಿ ತಾಗಿದೆ, ಕೆಳಗಿಂದ ಬಂದ ತೇವ ಆವಿಯಾಗಿ ಹಾರಿಹೋಗುತ್ತಿದೆ. ಅದರ ಮೇಲೆ ಟೈಲ್ಸ್ ಮುಚ್ಚಿದರೆ ಹೋಗಲು ಉಳಿಯುವ ದಾರಿ 2–3 ಮಿ.ಮೀ. ಸಂದು ಮಾತ್ರ. ನೀರಿನ ಜೊತೆ ಬಂದ ಉಪ್ಪು ಆ ಸಂದು ತುಂಬುವ ಗ್ರೌಟ್ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ, ಉಳಿದ ತೇವ ಗೋಡೆಗೆ ಸರಿದು ಸ್ಕರ್ಟಿಂಗ್ (ಗೋಡೆ ಬುಡದ ಟೈಲ್ಸ್ ಪಟ್ಟಿ) ಮೇಲಿನ ಪೇಂಟ್ ಗುಳ್ಳೆ ಏಳುತ್ತದೆ. ಆಮೇಲೆ ಪೇಂಟರ್‌ಗೆ ಬೈಗುಳ.

ಹಾಗಾಗಿ ಪರೀಕ್ಷೆ. ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒಂದೂವರೆ ಅಡಿ ಚೌಕಕ್ಕೆ ಕತ್ತರಿಸಿ, ನಾಲ್ಕೂ ಅಂಚಿಗೆ ಗಾಳಿ ಹೋಗದಂತೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ. ಕನಿಷ್ಠ 16 ಗಂಟೆ ಬಿಡಬೇಕು, ನಮ್ಮ ಚಳಿಗೆ ಎರಡು ದಿನ ಬಿಡುವುದು ಮೇಲು. ಇಂಥ ಮೂರು ಹಾಳೆ ಬೇಕು: ಒಂದು ಧರೆ ಕಡೆಯ ಗೋಡೆಯ ಹತ್ತಿರ, ಒಂದು ನಡುವೆ, ಒಂದು ಬಾತ್‌ರೂಮ್ ಪಕ್ಕ. ಹಾಳೆಯ ಮೇಲೆ ಬಿಸಿಲು ಬೀಳಬಾರದು. ತೆಗೆದಾಗ ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಅಷ್ಟು ಜಾಗದ ಕಾಂಕ್ರೀಟ್ ಕಪ್ಪಾಗಿದ್ದರೆ ತೇವ ನೆಲದಿಂದ ಬರುತ್ತಿದೆ. ಹನಿ ಹಾಳೆಯ ಮೇಲ್ಭಾಗದಲ್ಲಿ ಮಾತ್ರ ಇದ್ದರೆ ಅದು ರೂಮಿನ ಗಾಳಿಯ ತೇವ. ಅದಕ್ಕೆ ಕಿಟಕಿ, ಎಕ್ಸಾಸ್ಟ್ ಫ್ಯಾನ್ ಸಾಕು.

ಇಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಕಾರ್ಪೆಟ್ಟಿನ ಹಳೆ ಅಂಟಿನ ಮೇಲೇ ಹಾಳೆ ಅಂಟಿಸುವುದು. ಅಂಟು ತೇವವನ್ನು ತಡೆದು ‘ಒಣಗಿದೆ’ ಎಂದು ಸುಳ್ಳು ಹೇಳುತ್ತದೆ. ಪರೀಕ್ಷೆಯ ಜಾಗವನ್ನಾದರೂ ಮೊದಲು ಬೋಳು ಕಾಂಕ್ರೀಟ್ ಕಾಣುವವರೆಗೆ ಉಜ್ಜಬೇಕು. ಎರಡು, ಮಾರ್ಚ್‌ನಲ್ಲಿ ನೋಡಿ ತೀರ್ಮಾನ ಮಾಡುವುದು. ಮಾರ್ಚ್‌ನಲ್ಲಿ ಮಲೆನಾಡಿನ ಯಾವ ನೆಲ ತಾನೇ ಒಣಗಿರುವುದಿಲ್ಲ? ಬೇಸಿಗೆಯಲ್ಲೇ ಕೆಲಸ ಆಗಬೇಕಿದ್ದರೆ ಹಾಳೆಯ ಮಾತು ನಂಬದೆ, ಗೋಡೆ ಬುಡದ ಬಿಳಿ ಉಪ್ಪು, ಕಿತ್ತ ಕಾರ್ಪೆಟ್ ಅಂಚಿನ ತುಕ್ಕು ಮೊಳೆ, ಬೂಷ್ಟಿನ ಗೆರೆ ನೋಡಿ. ಕಳೆದ ಮಳೆಗಾಲದ ಲೆಕ್ಕ ಅಲ್ಲಿರುತ್ತದೆ.

ತೇವ ಇದ್ದರೆ ಕೆಲಸ ಶುರುವಾಗುವುದು ಮನೆ ಹೊರಗೆ. ಹಿಂದಿನ ಚರಂಡಿಯ ತಳ ರೂಮಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿರಬೇಕು, ಚಾವಣಿ ನೀರಿನ ಪೈಪು ಗೋಡೆ ಬುಡಕ್ಕೆ ಸುರಿಯಬಾರದು. ಆಮೇಲೆ ಒಳಗೆ, ಸಿಮೆಂಟ್ ಆಧಾರಿತ ವಾಟರ್‌ಪ್ರೂಫಿಂಗ್ ಕೋಟಿಂಗ್: ಎರಡು ಕೋಟ್, ಒಂದಕ್ಕೊಂದು ಅಡ್ಡಲಾಗಿ, ಗೋಡೆ ಮೇಲೆ ಒಂದಡಿ ಏರಿಸಿ. ನೆಲದಡಿಯಿಂದ ಒರತೆಯೇ ಹೊಡೆಯುತ್ತಿದ್ದರೆ ಯಾವ ಕೋಟಿಂಗೂ ನಿಲ್ಲುವುದಿಲ್ಲ. ನೀರಿಗೆ ದಾರಿ ಕೊಡಬೇಕು. ಹಿಂದಿನ ಗೋಡೆ ಉಬ್ಬಿದ್ದರೆ ಟೈಲ್ಸ್ ಮಾತು ಬಿಟ್ಟು ಎಂಜಿನಿಯರನ್ನು ಕರೆಸಿ.

ಇನ್ನು ಕಾರ್ಪೆಟ್ಟಿನ ಹಳೆ ಅಂಟು. ಕೋಟಿಂಗಿಗೂ ಮೊದಲೇ ಇದನ್ನು ತೆಗೆಯಬೇಕು. ಮೇಸ್ತ್ರಿಗಳು ಉಳಿಯಿಂದ ಅಲ್ಲಲ್ಲಿ ಕಚ್ಚು ಹೊಡೆದು ‘ಹಿಡ್ಕೊಳ್ತದೆ ಬಿಡಿ’ ಅನ್ನುತ್ತಾರೆ. ಕಚ್ಚುಗಳ ನಡುವೆ ಅಂಟು ಹಾಗೇ ಇರುತ್ತದೆ, ತೇವ ತಾಗಿದರೆ ಮೆತ್ತಗಾಗುತ್ತದೆ, ಟೈಲ್ಸ್ ಟೊಳ್ಳು ಸದ್ದು ಮಾಡತೊಡಗುತ್ತದೆ. ಥಿನ್ನರ್, ಪೆಟ್ರೋಲ್ ಹಾಕಿ ಒರೆಸುವುದಂತೂ ಬೇಡವೇ ಬೇಡ: ಮುಚ್ಚಿದ ರೂಮಿನಲ್ಲಿ ಬೆಂಕಿಯ ಅಪಾಯ, ಜೊತೆಗೆ ಕರಗಿದ ಅಂಟು ಕಾಂಕ್ರೀಟಿನ ರಂಧ್ರಕ್ಕೆ ಇಳಿದು ಕೂರುತ್ತದೆ. ಸ್ಕ್ರೇಪರ್‌ನಿಂದ ಕೆರೆದು, ಗ್ರೈಂಡರ್‌ಗೆ ಡೈಮಂಡ್ ಕಪ್ ವೀಲ್ ಹಾಕಿ ಉಜ್ಜಿಸಿ. ಧೂಳು ಎಳೆಯುವ ವ್ಯಾಕ್ಯೂಮ್ ಇರಲಿ, ಕೆಲಸದವರಿಗೆ ಎನ್95 ಮಾಸ್ಕ್ ಇರಲಿ, ಕರ್ಚೀಫು ಸಾಲದು. ತುಂಬ ಹಳೆಯ, ಡಾಂಬರಿನಂಥ ಕಪ್ಪು ಅಂಟಾದರೆ ಉಜ್ಜಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು, ತಿಳಿದವರಿಗೆ ತೋರಿಸಿ.

ಉಜ್ಜಿದ್ದು ಸಾಕಾಯಿತೇ? ನಾಲ್ಕು ಹನಿ ನೀರು ಹಾಕಿ. ಎರಡು ಮೂರು ನಿಮಿಷದಲ್ಲಿ ನೆಲ ಹೀರಿಕೊಂಡರೆ ಸರಿ. ಕೆಸುವಿನ ಎಲೆ ಮೇಲಿನ ನೀರಿನಂತೆ ಉಂಡೆಯಾಗಿ ನಿಂತರೆ ಇನ್ನೂ ಉಜ್ಜಿ. ಮೇಣ ಹಚ್ಚಿ ಹೊಳಪು ಕೊಟ್ಟ ರೆಡ್ ಆಕ್ಸೈಡ್ ನೆಲಕ್ಕೂ ಇದೇ ಪರೀಕ್ಷೆ.

ಮಟ್ಟ ನೋಡುವುದು ಮೇಸ್ತ್ರಿಗೆ ಗೊತ್ತು. 2×2 ಅಡಿ ಟೈಲ್ಸ್‌ಗೆ ಹತ್ತಡಿ ಮಟ್ಟಗೋಲಿನಡಿ 3 ಮಿ.ಮೀ.ಗಿಂತ ಹೆಚ್ಚು ತಗ್ಗು ಇರಬಾರದು ಎಂದಷ್ಟೇ ಹೇಳಿ. ಕಾರ್ಪೆಟ್ ಅಂಚು ಹಿಡಿದಿದ್ದ ಮೊಳೆ ಪಟ್ಟಿ ಕಿತ್ತ ತೂತುಗಳನ್ನು ರಿಪೇರಿ ಮಾರ್ಟರ್‌ನಿಂದ ತುಂಬಿಸಿ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ಶೇ. 0.5ಕ್ಕಿಂತ ಕಡಿಮೆ, ಆದ್ದರಿಂದ ಬರಿ ಸಿಮೆಂಟ್ ಹಾಲು ಅದನ್ನು ಹಿಡಿಯದು. ಪಾಲಿಮರ್ ಇರುವ ಟೈಲ್ ಅಡ್ಹೆಸಿವ್ ಬೇಕು. 3 ಮಿ.ಮೀ. ದಪ್ಪಕ್ಕೆ 20 ಕೆ.ಜಿ. ಚೀಲ ಸುಮಾರು 45 ಚದರಡಿ ಬರುತ್ತದೆ, 10×12 ರೂಮಿಗೆ ಮೂರು ಚೀಲ. ದೊಡ್ಡ ಟೈಲ್ಸ್‌ಗೆ ಹಲ್ಲಿನ ಕರಣೆ ದೊಡ್ಡದಾಗಿ ದಪ್ಪ ಏರುವುದರಿಂದ ಐದಕ್ಕೆ ಸಿದ್ಧರಿರಿ. ನಾಲ್ಕು ಮೂಲೆಗೆ ಮುದ್ದೆ ಇಟ್ಟು ಕೂರಿಸಲು ಬಿಡಬೇಡಿ: ನಡುವಿನ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಸುತ್ತ ಗೋಡೆಗೆ 6 ಮಿ.ಮೀ. ಸಂದು ಬಿಟ್ಟು, ಅದಕ್ಕೆ ಗ್ರೌಟ್ ತುಂಬದೆ ಸಿಲಿಕಾನ್ ಸೀಲಂಟ್ ಹಾಕಿಸಿ. ಸ್ಕರ್ಟಿಂಗ್ ಬಂದರೆ ಅದು ಕಾಣುವುದೂ ಇಲ್ಲ.